ಅಧ್ಯಕ್ಷರ ಒಂದು ಸಹಿಯಿಂದ ಮಗಳ ಪೌರತ್ವ ಹೋಗಬಹುದೇ?

ಪ್ಲೇನೋ, ಟೆಕ್ಸಾಸ್
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿದ್ದಾರೆ. ನಾನು ಮತ್ತು ಮೈಸೂರಿನಲ್ಲಿ ಹುಟ್ಟಿದ 16 ವರ್ಷದ ಮಗ ಅವರ ಅವಲಂಬಿತರಿಗೆ ಕೊಡುವ ಎಚ್-4ರಲ್ಲಿದ್ದೇವೆ; 10 ವರ್ಷದ ಮಗಳು ಇಲ್ಲಿಯೇ ಹುಟ್ಟಿದವಳು. ಅವಳ ತರಗತಿಯಲ್ಲಿ ಈಗ ಅಧ್ಯಕ್ಷರ ಅಧಿಕಾರಗಳ ಪಾಠ ನಡೆಯುತ್ತಿದೆ. ಸೇನೆಯ ಮುಖ್ಯಸ್ಥಿಕೆ, ವೀಟೊ (ಮಸೂದೆಯನ್ನು ತಿರಸ್ಕರಿಸುವುದು), ಕ್ಷಮಾದಾನ, ನ್ಯಾಯಾಧೀಶರ ನೇಮಕ ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಅದರ ಕೆಳಗೆ ಪೆನ್ಸಿಲಿನಲ್ಲಿ ‘ಅಣ್ಣನನ್ನು ವಾಪಸ್ ಕಳಿಸಬಹುದೇ? ನನ್ನನ್ನು?’ ಎಂದು ಬರೆದುಕೊಂಡಿದ್ದಾಳೆ. ಅವಳಿಗೆ ಏನು ಹೇಳಬೇಕೆಂದು ನನಗೆ ತೋಚುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಿ.

ಸನ್ನಿವೇಲ್, ಕ್ಯಾಲಿಫೋರ್ನಿಯ
ತಂಗಿ, ಮಗಳ ವಿಷಯದಲ್ಲಿ ಧೈರ್ಯವಾಗಿರಿ. ಈ ನೆಲದಲ್ಲಿ ಹುಟ್ಟಿದವರ ಪೌರತ್ವವು ಸಂವಿಧಾನದ 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ ಬಂದದ್ದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪ್ರಜೆಯೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿಯೇ ತೀರ್ಪು ಕೊಟ್ಟಿದೆ. ಸಂವಿಧಾನದ ತಿದ್ದುಪಡಿಗೆ ಕಾಂಗ್ರೆಸ್ಸಿನ, ಅಂದರೆ ಇಲ್ಲಿಯ ಸಂಸತ್ತಿನ, ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಬೆಂಬಲ, ನಂತರ 38 ರಾಜ್ಯಗಳ ಅನುಮೋದನೆ ಬೇಕು. ಅದರಲ್ಲಿ ಅಧ್ಯಕ್ಷರ ಸಹಿಗೆ ಸ್ಥಾನವೇ ಇಲ್ಲ. ತಂದೆತಾಯಿ ತಾತ್ಕಾಲಿಕ ವೀಸಾದಲ್ಲಿದ್ದರೆ ಇಲ್ಲಿ ಹುಟ್ಟುವ ಮಗುವಿಗೆ ಪೌರತ್ವವಿಲ್ಲವೆಂದು ಅಧ್ಯಕ್ಷರು 2025ರ ಜನವರಿ 20ರಂದು ಹೊರಡಿಸಿದ ಆದೇಶವನ್ನು ಕೆಳ ನ್ಯಾಯಾಲಯಗಳು ತಡೆದವು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ನಿಮಗೆ ಮುಖ್ಯವಾದದ್ದು ಬೇರೆ ಇದೆ: ಆದೇಶ ಹೊರಟು 30 ದಿನ ಕಳೆದ ಮೇಲೆ ಹುಟ್ಟುವ ಮಕ್ಕಳಿಗೆ ಮಾತ್ರ ಅದು ಅನ್ವಯವೆಂದು ಆದೇಶದಲ್ಲಿಯೇ ಬರೆದಿದೆ. ನಿಮ್ಮ ಮಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಅವಳ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ, ಜನನ ಪ್ರಮಾಣಪತ್ರದ ದೃಢೀಕೃತ ಪ್ರತಿ ಕೈಯಲ್ಲಿರಲಿ.

ಷಾರ್ಲಟ್, ನಾರ್ತ್ ಕ್ಯಾರೊಲೈನ
ಕಾನೂನಿನ ಮಾತು ಸರಿ, ಆದರೆ ಆ ಕ್ಷಣದ ಭಯ ಅನುಭವಿಸಿದವರಿಗೇ ಗೊತ್ತು. 2025ರ ಸೆಪ್ಟೆಂಬರ್ 19ರಂದು ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಅಧ್ಯಕ್ಷರ ಘೋಷಣೆ ಬಂದಾಗ ನಾನು ಹಾಸನದಲ್ಲಿದ್ದೆ. ಅದು ಜಾರಿಯಾಗಲಿದ್ದ 21ನೇ ತಾರೀಖು ಮಹಾಲಯ ಅಮಾವಾಸ್ಯೆ. ಅಪ್ಪ ತೀರಿಕೊಂಡ ಮೇಲೆ ಮೊದಲ ಬಾರಿಗೆ ಎಡೆ ಇಡಲೆಂದೇ ಊರಿಗೆ ಹೋಗಿದ್ದವನು, ಕೆಲಸವನ್ನು ತಮ್ಮನಿಗೆ ಒಪ್ಪಿಸಿ ರಾತ್ರೋರಾತ್ರಿ ಬೆಂಗಳೂರಿಗೆ ಬಂದು ವಿಮಾನ ಹತ್ತಿದೆ. ಈಗಾಗಲೇ ವೀಸಾ ಇರುವವರಿಗೆ ಶುಲ್ಕವಿಲ್ಲವೆಂಬ ಸ್ಪಷ್ಟನೆ ನಾನು ಆಕಾಶದಲ್ಲಿದ್ದಾಗ ಹೊರಬಿತ್ತು. ಅಮ್ಮ ಏನೂ ಅನ್ನಲಿಲ್ಲ. ಆದರೂ ಆ ಕೊರಗು ನನ್ನಲ್ಲಿ ಉಳಿದಿದೆ.

ಎಡಿಸನ್, ನ್ಯೂ ಜೆರ್ಸಿ
ಎಲ್ಲರೂ ಅಧ್ಯಕ್ಷರನ್ನೇ ನೋಡುತ್ತಿದ್ದೀರಿ, ಮೂಲವನ್ನು ಯಾರೂ ನೋಡುತ್ತಿಲ್ಲ. ವಿದೇಶಿಯರ ಪ್ರವೇಶವನ್ನು ತಡೆಯುವ ಅಧಿಕಾರವನ್ನು ಅಧ್ಯಕ್ಷರ ಕೈಗೆ ಕೊಟ್ಟದ್ದು ಕಾಂಗ್ರೆಸ್. 1952ರ ವಲಸೆ ಕಾಯ್ದೆಯಲ್ಲಿ ಅದು ಬರಹದಲ್ಲಿದೆ. ಅದೇ 1952ರಲ್ಲಿ, ಕೊರಿಯಾ ಯುದ್ಧದ ಸಮಯದಲ್ಲಿ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ, ಅದಕ್ಕೆ ಕಾಂಗ್ರೆಸ್ಸಿನ ಕಾನೂನಿನ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ ತಡೆಯಿತು. ಗ್ರೀನ್ ಕಾರ್ಡಿಗೆ (ಕಾಯಂ ವಾಸದ ಅನುಮತಿಗೆ) ದೇಶವೊಂದಕ್ಕೆ ಶೇಕಡ 7ರ ಮಿತಿಯೂ 1990ರಲ್ಲಿ ಕಾಂಗ್ರೆಸ್ ಹಾಕಿದ್ದೇ. ನಮ್ಮವರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುವುದು ಅದರಿಂದ, ಮತ್ತು ಯಾವ ಅಧ್ಯಕ್ಷರೂ ಅದನ್ನು ಸಹಿಯಿಂದ ತೆಗೆಯಲಾರರು. ಆದರೂ ಪೌರತ್ವ ಪಡೆದ ನಮ್ಮವರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಮತಗಟ್ಟೆಗೆ ಹೋಗುತ್ತಾರೆ, ನಡುವಿನ ಕಾಂಗ್ರೆಸ್ ಚುನಾವಣೆಯ ದಿನ ಮನೆಯಲ್ಲಿ ಕೂರುತ್ತಾರೆ. ಯುಗಾದಿ ಕಾರ್ಯಕ್ರಮಕ್ಕೆ ಸಭಾಂಗಣ ತುಂಬಿಸುವ ನಾವು ನಮ್ಮ ಕಾಂಗ್ರೆಸ್ ಪ್ರತಿನಿಧಿಯ ಹೆಸರನ್ನಾದರೂ ತಿಳಿದುಕೊಂಡಿದ್ದೇವೆಯೇ?

ನೇಪರ್‌ವಿಲ್, ಇಲಿನಾಯ್
ಪೌರತ್ವ ಸಿಗುವ ಹೊತ್ತಿಗೆ ನಿವೃತ್ತಿಯ ವಯಸ್ಸಾಗಿರುತ್ತದೆ, ಸರ್. ನನ್ನ ಸಲಹೆ ಮೊದಲಿನಿಂದಲೂ ಒಂದೇ. ಮಕ್ಕಳು ಹೈಸ್ಕೂಲು ಮುಟ್ಟುವ ಮೊದಲೇ ಬೆಂಗಳೂರಿಗೆ ಹಿಂತಿರುಗಿ, ಕನ್ನಡವೂ ಉಳಿಯುತ್ತದೆ.

ಎಡಿಸನ್, ನ್ಯೂ ಜೆರ್ಸಿ
ಹಿಂತಿರುಗುವುದು ಅವರವರ ಇಷ್ಟ. ಇಲ್ಲಿಯೇ ಇರುವವರು ಮತ ಹಾಕಲೇಬೇಕು. ಅಧ್ಯಕ್ಷರ ವೀಟೊವನ್ನೂ ಎರಡು ಸದನಗಳ ಮೂರನೇ ಎರಡು ಭಾಗ ಸದಸ್ಯರು ಮೀರಬಲ್ಲರು. ಆ ಸದಸ್ಯರನ್ನು ಕಳಿಸುವವರು ನಾವು. ಇದನ್ನು ಎಷ್ಟು ಬಾರಿ ಹೇಳಿದರೂ ಈ ಗುಂಪಿನಲ್ಲಿ ವೀಸಾದ ಮಾತು ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ಷಾರ್ಲಟ್, ನಾರ್ತ್ ಕ್ಯಾರೊಲೈನ
ಮತವಿಲ್ಲದ ನಮ್ಮಂಥವರು ಏನು ಮಾಡಬೇಕು, ಸರ್?

ಎಡಿಸನ್, ನ್ಯೂ ಜೆರ್ಸಿ
ಮತ ಇರುವ ನಿಮ್ಮ ಸ್ನೇಹಿತರನ್ನು ಮತಗಟ್ಟೆಗೆ ಹೊರಡಿಸಿ. ಪ್ರತಿನಿಧಿಯ ಕಚೇರಿಗೆ ಪತ್ರ ಬರೆಯಲು ಮತದಾರರೇ ಆಗಿರಬೇಕೆಂದಿಲ್ಲ.

ಪ್ಲೇನೋ, ಟೆಕ್ಸಾಸ್
ಅಕ್ಕ, ಮಗಳ ವಿಷಯ ತಿಳಿಯಿತು, ತುಂಬ ಉಪಕಾರವಾಯಿತು. ಮಗನ ಪ್ರಶ್ನೆ ಹಾಗೆಯೇ ಉಳಿದಿದೆ.

ಸನ್ನಿವೇಲ್, ಕ್ಯಾಲಿಫೋರ್ನಿಯ
ನಿಜ ಹೇಳಬೇಕೆಂದರೆ ಮಗನ ವಿಷಯದಲ್ಲಿ ನಾನು ಹೆದರುವುದು ಅಧ್ಯಕ್ಷರ ಸಹಿಗಿಂತ ಅವನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ, ಏಕೆಂದರೆ ಅಂದಿಗೆ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡಿನ ಲೆಕ್ಕದಲ್ಲಿ 2002ರ ಮಕ್ಕಳ ರಕ್ಷಣಾ ಕಾಯ್ದೆ ಸ್ವಲ್ಪ ನೆರವಾಗುತ್ತದೆ: ನಿಮ್ಮ ಯಜಮಾನರ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಸಲ್ಲಿಸಿದ ದಿನದಿಂದ ಮಂಜೂರಾದ ದಿನದವರೆಗಿನ ಅವಧಿಯನ್ನು, ನಿಮ್ಮ ಸರದಿ ಬಂದಾಗಿನ ಮಗನ ವಯಸ್ಸಿನಿಂದ ಕಳೆಯುತ್ತಾರೆ. ಆ ಎರಡೂ ದಿನಾಂಕಗಳಿರುವ ಕಾಗದ ಹಿಡಿದುಕೊಂಡು ಈಗಲೇ ವಲಸೆ ವಕೀಲರನ್ನು ಕಾಣಿ. ಸರದಿ ಬಾರದಿದ್ದರೆ ಕಾಲೇಜಿನಲ್ಲಿರುವಾಗ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಬೇಕಾಗಬಹುದು, ಅದನ್ನೂ ಕೇಳಿ.

ಪ್ಲೇನೋ, ಟೆಕ್ಸಾಸ್
ಮಂಜೂರಾತಿ ಪತ್ರ ಯಜಮಾನರ ಹಳೆಯ ಕಂಪನಿಯದು. ಅದೇ ನಡೆಯುತ್ತದೆಯೇ, ಅಕ್ಕ?

ಸನ್ನಿವೇಲ್, ಕ್ಯಾಲಿಫೋರ್ನಿಯ
ಸರದಿಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ವಯಸ್ಸಿನ ಲೆಕ್ಕಕ್ಕೆ ಹೊಸ ಕಂಪನಿಯ ಅರ್ಜಿಯನ್ನು ಹಿಡಿಯಬೇಕೇ ಎಂಬುದನ್ನು ವಕೀಲರಿಂದ ಬರವಣಿಗೆಯಲ್ಲಿಯೇ ತೆಗೆದುಕೊಳ್ಳಿ.