ಕ್ಯಾಮರಾಕ್ಕೆಂದು ರೂಟರಿನಲ್ಲಿ ಪೋರ್ಟ್ ತೆರೆದಿದ್ದಾರೆ, ಮುಚ್ಚಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಬದಿಯಡ್ಕ: ಅಂಗಳದಲ್ಲಿ ಅಡಿಕೆ ಒಣಗಲು ಹಾಕುತ್ತೇವೆ, ಅದಕ್ಕೆ ಕ್ಯಾಮರಾ ಮತ್ತು ಡಿವಿಆರ್ (ವಿಡಿಯೊ ರೆಕಾರ್ಡ್ ಮಾಡುವ ಪೆಟ್ಟಿಗೆ) ಹಾಕಿಸಿದೆವು. ದುಬೈಯಲ್ಲಿರುವ ತಮ್ಮನಿಗೂ ಕಾಣಬೇಕು ಅಂದದ್ದಕ್ಕೆ ಕ್ಯಾಮರಾದವರು ರೂಟರಿನಲ್ಲಿ ಏನೋ ಪೋರ್ಟ್ ಓಪನ್ ಮಾಡಿ ಹೋದರು. ಈಗ ಆನ್‌ಲೈನ್ ಪೋರ್ಟ್ ಪರೀಕ್ಷೆಯಲ್ಲಿ 80, 554, 8000, 7547 ಓಪನ್ ಅಂತ ಬರುತ್ತದೆ. ತೊಂದರೆ ಉಂಟಾ? ಮುಚ್ಚಿದರೆ ತಮ್ಮನಿಗೆ ಕಾಣುವುದು ನಿಲ್ಲುತ್ತದಾ?

ಕುಂಬಳೆಯಿಂದ: ತೊಂದರೆ ಉಂಟು ಮಾರಾಯ್ರೇ. ಪೋರ್ಟ್ ಅಂದರೆ ನಂಬರ್ ಹಾಕಿದ ಬಾಗಿಲು ಇದ್ದ ಹಾಗೆ. ಮೊದಲ ಮೂರು ನಿಮ್ಮ ಡಿವಿಆರ್‌ನದ್ದೇ ಇರಬೇಕು. ಸಾಮಾನ್ಯವಾಗಿ 80 ಅದರ ಲಾಗಿನ್ ಪುಟ, 554 ವಿಡಿಯೊ ಬರುವ ದಾರಿ, 8000 ಮೊಬೈಲ್ ಆ್ಯಪ್‌ಗೆ. ಪೋರ್ಟ್ ಫಾರ್ವರ್ಡ್ ಮಾಡಿದರೆ ಆ ನಂಬರಿಗೆ ಹೊರಗಿನಿಂದ ಯಾರೇ ಬಂದರೂ ರೂಟರ್ ಒಂದು ಮಾತೂ ಕೇಳದೆ ಸೀದಾ ಡಿವಿಆರ್‌ಗೆ ಕಳಿಸುತ್ತದೆ. ಆಮೇಲೆ ಉಳಿಯುವುದು ಡಿವಿಆರ್‌ನ ಪಾಸ್‌ವರ್ಡ್ ಒಂದೇ. ಅದರ ಸಾಫ್ಟ್‌ವೇರ್‌ನಲ್ಲೇ ತೂತಿದ್ದರೆ ಪಾಸ್‌ವರ್ಡ್ ಇದ್ದೂ ಪ್ರಯೋಜನವಿಲ್ಲ.

‘ನಮ್ಮ ಮನೆ ಯಾರಿಗೆ ಬೇಕು’ ಅಂತ ಎಲ್ಲರೂ ಹೇಳುತ್ತಾರೆ. ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಪ್ರೋಗ್ರಾಮುಗಳು ಹಗಲು ರಾತ್ರಿ ಎಲ್ಲ ಐಪಿಗಳನ್ನೂ (ನೆಟ್‌ನಲ್ಲಿರುವ ನಂಬರ್ ವಿಳಾಸಗಳನ್ನು) ತಟ್ಟಿ ನೋಡುತ್ತಿರುತ್ತವೆ. 2013ರಲ್ಲಿ ಬಂದ ಝಡ್‌ಮ್ಯಾಪ್ ಎಂಬ ಸಾಧನ ಒಳ್ಳೆಯ ಲೈನ್ ಇದ್ದರೆ ಒಂದು ಪೋರ್ಟನ್ನು ಇಡೀ ಐಪಿವಿ4 (ಹಳೆಯ ಮಾದರಿಯ ಐಪಿ) ಜಗತ್ತಿನಲ್ಲಿ 45 ನಿಮಿಷದೊಳಗೆ ಹುಡುಕಬಲ್ಲದು. ಹಾಗಾಗಿ ‘8000 ಬದಲು 8123 ಇಟ್ಟರೆ ಸಾಕು’ ಎನ್ನುವ ಸಲಹೆ ಸುಮ್ನೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ 23ನೇ ಪೋರ್ಟ್ ತೆರೆದಿದ್ದ ಕ್ಯಾಮರಾ, ಡಿವಿಆರ್, ರೂಟರ್‌ಗಳಿಗೆ ಕಂಪನಿಯವರೇ ಇಟ್ಟು ಕಳಿಸುವ ಸುಮಾರು 60 ಪಾಸ್‌ವರ್ಡ್‌ಗಳನ್ನು ಹಾಕಿ ನೋಡಿಯೇ ಲಕ್ಷಗಟ್ಟಲೆ ಸಾಧನಗಳ ಒಳಗೆ ಸೇರಿತು. ಅವುಗಳಿಂದಲೇ ಆ ಅಕ್ಟೋಬರ್‌ನಲ್ಲಿ ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಹಲವರಿಗೆ ಸಿಗದೆ ಹೋದವು. ಅವರಿಗೆ ಬೇಕಾದದ್ದು ನಿಮ್ಮ ಅಡಿಕೆಯ ವಿಡಿಯೊ ಅಲ್ಲ, ನಿಮ್ಮ ಲೈನು.

ತಮ್ಮನ ಚಿಂತೆ ಬೇಡ. ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಪಿ-ಟು-ಪಿ ಅಥವಾ ಕ್ಲೌಡ್ ಅಂತ ಇರುತ್ತದೆ. ಅದನ್ನು ಆನ್ ಮಾಡಿ, ಕ್ಯೂಆರ್ ಕೋಡನ್ನು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಆಗ ಡಿವಿಆರ್ ತಾನೇ ಹೊರಗೆ ಹೋಗಿ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ, ಒಳಗೆ ಬರುವ ಬಾಗಿಲು ಬೇಕಾಗುವುದಿಲ್ಲ. ಕಂಪನಿಯನ್ನು ನಂಬಬೇಕಾಗುತ್ತದೆ, ಅದು ನಿಜ. ಆದರೂ ತೆರೆದ ಪೋರ್ಟಿಗಿಂತ ವಾಸಿ. ತಮ್ಮನಿಗೆ ಕಂಡಿತು ಅಂತ ಫೋನ್ ಬಂದ ಮೇಲೆ ಬ್ರೌಸರಿನಲ್ಲಿ 192.168.1.1ಕ್ಕೆ (ಸಾಮಾನ್ಯವಾಗಿ ರೂಟರಿನ ಸೆಟ್ಟಿಂಗ್ ಪುಟ) ಹೋಗಿ ಫಾರ್ವರ್ಡ್‌ಗಳನ್ನು ಅಳಿಸಿ.

ಪೆರ್ಲದಿಂದ: ಅಳಿಸಿದರೆ ಮುಗಿಯುವುದಿಲ್ಲ. ನಮ್ಮಲ್ಲಿ ಅಳಿಸಿದ ಪೋರ್ಟ್ ಡಿವಿಆರ್ ರೀಸ್ಟಾರ್ಟ್ ಆದ ಕೂಡಲೇ ಮತ್ತೆ ತೆರೆಯುತ್ತಿತ್ತು. ಕಾರಣ ರೂಟರಿನ ಯುಪಿಎನ್‌ಪಿ ಎಂಬ ಸೆಟ್ಟಿಂಗ್. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಸಾಧನವೂ ‘ನನಗೊಂದು ಪೋರ್ಟ್ ತೆರೆ’ ಅಂತ ರೂಟರಿಗೆ ಹೇಳಬಹುದು, ರೂಟರ್ ಪಾಸ್‌ವರ್ಡ್ ಕೇಳದೆ ತೆರೆದುಕೊಡುತ್ತದೆ. ರೂಟರಿನಲ್ಲೂ ಡಿವಿಆರ್‌ನಲ್ಲೂ ಆಫ್ ಮಾಡಿ. ಮಕ್ಕಳು ಆಟದ ಕನ್ಸೋಲ್ ಸರಿ ಹೋಗುವುದಿಲ್ಲ ಅಂತ ಗಲಾಟೆ ಮಾಡಿಯಾರು, ಆಗ ನೋಡೋಣ. ರೂಟರಿನ ಡಿಎಂಝಡ್ (ಒಂದು ಸಾಧನವನ್ನು ಪೂರ್ತಿ ಹೊರಗೆ ತೆರೆದಿಡುವ ಸೆಟ್ಟಿಂಗ್) ಪುಟವನ್ನೂ ತೆರೆದು ನೋಡಿ. ಕೆಲವರು ಕೆಲಸ ಬೇಗ ಮುಗಿಯಲಿ ಅಂತ ಡಿವಿಆರ್‌ನ ಐಪಿಯನ್ನೇ ಅಲ್ಲಿ ಹಾಕಿಬಿಡುತ್ತಾರೆ. ಹಾಗಿದ್ದರೆ ಅದರ ಎಲ್ಲ ಪೋರ್ಟುಗಳೂ ಹೊರಗೆ.

ಮಂಜೇಶ್ವರದಿಂದ: ಮೊದಲು ಒಂದು ನೋಡಿ. ರೂಟರಿನ ಸ್ಟೇಟಸ್ ಪುಟದ ವ್ಯಾನ್ ಐಪಿ (ರೂಟರಿನ ಹೊರಬದಿಯ ಐಪಿ) ಮತ್ತು ಗೂಗಲ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಕೇಳಿದಾಗ ಸಿಗುವ ಐಪಿವಿ4 ನಂಬರ್ ಎರಡೂ ಒಂದೇನಾ? ಬೇರೆಯಾಗಿದ್ದು, ರೂಟರಿನದ್ದು 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಐಪಿ ಬಹಳ ಮನೆಗಳಿಗೆ. ಆಗ ಆ ಪರೀಕ್ಷೆ ತೋರಿಸುವುದು ನೆಟ್‌ನವರ ಸಾಧನವನ್ನು, ನಿಮ್ಮದನ್ನಲ್ಲ.

ಬದಿಯಡ್ಕ: ಎರಡೂ ಒಂದೇ ಉಂಟು. ಪಿ-ಟು-ಪಿಯಲ್ಲಿ ತಮ್ಮನಿಗೆ ಕಾಣುತ್ತದೆ, ಮೂರನ್ನೂ ಅಳಿಸಿದೆ. 7547 ಮಾತ್ರ ಹಾಗೇ ಇದೆ, ಪಟ್ಟಿಯಲ್ಲೇ ಇಲ್ಲ.

ಮಂಜೇಶ್ವರದಿಂದ: ಅದು ನೆಟ್ ಕೊಟ್ಟವರದ್ದು. ಟಿಆರ್-069 ಅಂತ, ಅವರು ಕೂತಲ್ಲಿಂದಲೇ ನಿಮ್ಮ ರೂಟರನ್ನು ಸರಿಪಡಿಸುವ ದಾರಿ. ಹಲವು ರೂಟರುಗಳಲ್ಲಿ ನಮ್ಮ ಲಾಗಿನ್‌ಗೆ ಆ ಪುಟ ಕಾಣುವುದೂ ಇಲ್ಲ. ಹಾಗೆಂದು ಸಣ್ಣ ವಿಷಯ ಅಲ್ಲ. 2016ರ ನವೆಂಬರ್‌ನಲ್ಲಿ ಈ ಪೋರ್ಟಿನ ಮೇಲೆ ನಡೆದ ದಾಳಿಯಿಂದ ಜರ್ಮನಿಯಲ್ಲಿ ಸುಮಾರು 9 ಲಕ್ಷ ಡಾಯ್ಚ ಟೆಲಿಕಾಂ ಗ್ರಾಹಕರ ಸಂಪರ್ಕ ಹಾಳಾಗಿತ್ತು. ಫೋನ್ ಮಾಡಿ, ‘7547 ನಿಮ್ಮ ಸರ್ವರಿಗೆ ಮಾತ್ರ ತೆರೆದಿರಲಿ, ಫರ್ಮ್‌ವೇರ್ ಹೊಸದು ಹಾಕಿ’ ಅಂತ ಕೇಳಿ. ಐಪಿವಿ6 (ಹೊಸ ಮಾದರಿಯ ಐಪಿ) ಬರುತ್ತಿದ್ದರೆ ಅದರ ಫೈರ್‌ವಾಲ್, ಅಂದರೆ ಹೊರಗಿನವರನ್ನು ತಡೆಯುವ ಕಾವಲು, ಆನ್ ಇದೆಯಾ ನೋಡಿ. ಅದರಲ್ಲಿ ಒಂದೊಂದು ಸಾಧನಕ್ಕೂ ಹೊರಗಿನವರಿಗೆ ತಲುಪುವ ವಿಳಾಸ ಇರುತ್ತದೆ, ಫಾರ್ವರ್ಡ್ ಪಟ್ಟಿ ಖಾಲಿ ಇದ್ದ ಮಾತ್ರಕ್ಕೆ ಸಾಲದು.

ಕಾಸರಗೋಡು ಪೇಟೆಯಿಂದ: ಅಂಗಡಿಯ ಕಂಪ್ಯೂಟರನ್ನು ಮನೆಯಿಂದ ನೋಡಲು 3389 (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್) ತೆರೆದಿಟ್ಟವರು ಇಲ್ಲಿ ಇದ್ದರೆ ಇವತ್ತೇ ಮುಚ್ಚಿ. ನಾನು ವೈರ್‌ಗಾರ್ಡ್ ಎಂಬ ವಿಪಿಎನ್ (ಕೀ ಇದ್ದವರಿಗೆ ಮಾತ್ರ ಇರುವ ಖಾಸಗಿ ದಾರಿ) ಬಳಸುತ್ತೇನೆ. ಒಂದು ಯುಡಿಪಿ ಪೋರ್ಟ್ ಸಾಕು, ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಸಿಜಿನ್ಯಾಟ್ ಇದ್ದವರು ಪೋರ್ಟ್ ತೆರೆಯದೆಯೇ ಅದೇ ಕೆಲಸ ಮಾಡುವ ಟೇಲ್‌ಸ್ಕೇಲ್ ನೋಡಬಹುದು.

ಮುಳ್ಳೇರಿಯದಿಂದ: ಮಳೆಗಾಲದ ಮೊದಲಿನ ಸಿಡಿಲಿಗೆ ನಮ್ಮ ಕಡೆ ರೂಟರ್ ಸುಡುವುದು ಹೊಸದೇನಲ್ಲ, ಅಲ್ವಾ? ಹೊಸ ಪೆಟ್ಟಿಗೆ ಬಂದಾಗ ಮಾಡಿದ್ದೆಲ್ಲ ಹೋಗಿರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಪುನಃ ಸ್ಟಿಕ್ಕರ್‌ನದ್ದೇ, ಯುಪಿಎನ್‌ಪಿ ಪುನಃ ಆನ್. ಈಗಲೇ ಸೆಟ್ಟಿಂಗ್ ಪುಟಗಳ ಫೋಟೊ ತೆಗೆದಿಡಿ. ಹೊರಗಿನಿಂದ ರೂಟರ್ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇದೆಯಾ ನೋಡಿ. ಆಮೇಲೆ ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಬ್ರೌಸರಿನಲ್ಲಿ ಮನೆಯ ಐಪಿ ಹಾಕಿ. ಲಾಗಿನ್ ಪುಟ ಬಂದರೆ ಇನ್ನೂ ಎಲ್ಲೋ ತೆರೆದಿದೆ. ಮತ್ತೆ, ಡಿವಿಆರ್ ಪಾಸ್‌ವರ್ಡ್ ಬದಲಿಸಿದಿರಾ? ಕ್ಯಾಮರಾದವರು ಊರಿಡೀ ಒಂದೇ ಇಡುವುದು ಜಾಸ್ತಿ.