ಪಾಲಿಹೌಸ್ ಸೌತೆ ತುದಿಯಲ್ಲಿ ಉಬ್ಬುತ್ತಿದೆ, ಏನು ಮಾಡಲಿ?

ದೊಡ್ಡಬಳ್ಳಾಪುರ_ಪಾಲಿ:
ಕಾಯಿಗಳು ಹೂವಿನ ತುದಿಯಲ್ಲಿ ಉಬ್ಬಿ, ತೊಟ್ಟಿನ ಕಡೆ ಸಣಕಲಾಗಿ ಬರುತ್ತಿವೆ. ಮೊದಲ ಕೊಯ್ಲು ನೆಟ್ಟಗೆ ಚೆನ್ನಾಗಿತ್ತು. ಈಗ ವ್ಯಾಪಾರಿ ಅರ್ಧಕ್ಕರ್ಧ ವಾಪಸ್ ಕಳಿಸುತ್ತಿದ್ದಾರೆ. ಗೊಬ್ಬರ ಎಲ್ಲಾ ಸರಿಯಾಗಿಯೇ ಕೊಡುತ್ತಿದ್ದೇನೆ. ತಲೆ ಕೆಟ್ಟುಹೋಗಿದೆ, ಯಾರಾದರೂ ಬೇಗ ಹೇಳಿ.

ಡ್ರಿಪ್_ಗೌಡ್ರು:
ಪೊಟ್ಯಾಶ್ ಕಮ್ಮಿ, ಬೇರೇನೂ ಅಲ್ಲ. ತುದಿ ದಪ್ಪ, ತೊಟ್ಟು ಸಣ್ಣ ಅಂದರೆ ಅದೇ. 0:0:50 ಪೊಟ್ಯಾಶ್ ಗೊಬ್ಬರ ನೀರಲ್ಲಿ ಬಿಡಿ. ನೀರಿನ ಇ.ಸಿ., ಅಂದರೆ ಕರಗಿದ ಲವಣದ ಮಟ್ಟ, ಎಷ್ಟಿದೆ?

ಕರಾವಳಿ_ಕೈತೋಟ:
ತಳಿ ಯಾವುದು ಅಂತಲೇ ಹೇಳಿಲ್ಲವಲ್ಲ?

ದೊಡ್ಡಬಳ್ಳಾಪುರ_ಪಾಲಿ:
ಪಾಲಿಹೌಸ್ ಅಂದ ಮೇಲೆ ಬೀಜ ಇಲ್ಲದ್ದೇ ಅಲ್ವಾ. ಬರೀ ಹೆಣ್ಣು ಹೂವು ಬಿಡುವ ಹೈಬ್ರಿಡ್. ಗೌಡ್ರೇ, ಪೊಟ್ಯಾಶ್ ಆಗಲೇ ಬಿಟ್ಟಾಯಿತು, ಏನೂ ಬದಲಾಗಿಲ್ಲ.

ಡ್ರಿಪ್_ಗೌಡ್ರು:
ಒಂದೇ ಸಲಕ್ಕೆ ಆಗಲ್ಲ. ಜಾಸ್ತಿ ಮಾಡಿ, ಜೊತೆಗೆ ಬೋರಾನ್ ಸಿಂಪಡಿಸಿ. ನಮ್ಮಲ್ಲಿ ಡ್ರಿಪ್ ಪೈಪಿಗೆ ಗೊಬ್ಬರ ಎಳೆಯುವ ವೆಂಚುರಿ ತೆಗೆದು, ಅಳತೆ ಪ್ರಕಾರ ಬಿಡುವ ಡೋಸಿಂಗ್ ಪಂಪ್ ಕೂರಿಸಿದ ಮೇಲೆ ಒಂದು ಕಾಯಿಯೂ ಸೊಟ್ಟ ಬಂದಿಲ್ಲ.

ಹಟ್ಟಿಗೊಬ್ಬರ:
ಬೋರಾನ್ ಜಾಸ್ತಿಯಾದರೆ ಎಲೆ ಅಂಚು ಸುಡುತ್ತದೆ. ಸುಮ್ನೆ ಅಂದಾಜಿಗೆ ಹೇಳಬೇಡಿ.

ಡ್ರಿಪ್_ಗೌಡ್ರು:
ಅಂದಾಜಲ್ಲ ಸ್ವಾಮಿ, ಬೆಳೆದು ನೋಡಿ ಹೇಳುತ್ತಿರುವುದು. ನೀರು ಟೆಸ್ಟ್ ಮಾಡಿಸಿದ್ದಾರಾ ಕೇಳಿ.

ದೊಡ್ಡಬಳ್ಳಾಪುರ_ಪಾಲಿ:
ನೀರಿನದ್ದಾಗಿರಲಿಕ್ಕಿಲ್ಲ. ಅದೇ ಬೋರ್‌ವೆಲ್ ನೀರಲ್ಲಿ ಅಣ್ಣ ಪಕ್ಕದ ಬಯಲಲ್ಲಿ ನಾಟಿ ಸೌತೆ ಹಾಕಿದ್ದಾರೆ, ಚೆನ್ನಾಗಿ ಕಾಯಿ ಕಚ್ಚಿದೆ. ಎಲೆ ಅಂಚು ಹಸಿರಾಗಿಯೇ ಇದೆ. ಬಿಸಿಲು ಜಾಸ್ತಿ ಅಂತ ಸೈಡ್ ನೆಟ್ ಮೇಲೆ ಸುತ್ತಿಟ್ಟಿದ್ದೇನೆ, ಗಾಳಿಗೂ ತೊಂದರೆ ಇಲ್ಲ.

ಕರಾವಳಿ_ಕೈತೋಟ:
ಇದನ್ನು ಮೊದಲೇ ಹೇಳಬಾರದಿತ್ತಾ! ನಾಟಿ ಸೌತೆಯಲ್ಲಿ ಗಂಡು ಹೂವು ಇರುತ್ತದೆ. ನೆಟ್ ಎತ್ತಿದರೆ ಜೇನು ಅಲ್ಲಿಂದ ಪರಾಗ ಹೊತ್ತು ಒಳಗೆ ಬರುತ್ತದೆ. ನಿಮ್ಮ ಹೈಬ್ರಿಡ್‌ಗೆ ಪರಾಗ ಬೇಕಿಲ್ಲ. ಬೀಜ ಕಟ್ಟುವಾಗ ಹೊರಡಬೇಕಾದ ಆಕ್ಸಿನ್ ಅನ್ನುವ ಬೆಳವಣಿಗೆಯ ಹಾರ್ಮೋನು, ಅದರ ಕಾಯಿಯಲ್ಲಿ ಬೀಜ ಇಲ್ಲದೆಯೂ ಇರುತ್ತದೆ. ಅದಕ್ಕೇ ತಾನಾಗಿ ಬೆಳೆಯುತ್ತದೆ. ಆದರೆ ಪರಾಗ ಬಿದ್ದರೆ ಬೀಜ ಕಟ್ಟಿಯೇ ಕಟ್ಟುತ್ತದೆ. ಪರಾಗದ ನಾಳ ಹೂವಿನ ಕಡೆಯಿಂದ ಇಳಿಯುವುದರಿಂದ ಮೊದಲು ಆ ತುದಿಯಲ್ಲಿ ಕಟ್ಟುತ್ತದೆ, ಆ ಭಾಗ ಮಾತ್ರ ಉಬ್ಬುತ್ತದೆ.
ಉಬ್ಬಿದ ಒಂದು ಕಾಯಿ ಉದ್ದಕ್ಕೆ ಸೀಳಿ ನೋಡಿ. ಪೊಟ್ಯಾಶ್ ಕಮ್ಮಿಯಾಗಿದ್ದರೆ ಹಳೆ ಎಲೆಯ ಅಂಚು ಹಳದಿಯಾಗಬೇಕಿತ್ತು.

ಡ್ರಿಪ್_ಗೌಡ್ರು:
ಬೀಜ ಇಲ್ಲದ ಕಲ್ಲಂಗಡಿ ಬೆಳೆಯುವವರು ನಡುವೆ ಬೀಜದ ಕಲ್ಲಂಗಡಿ ಸಾಲು ಹಾಕುತ್ತಾರೆ. ಜೇನು ಇಲ್ಲದಿದ್ದರೆ ಅವರಿಗೆ ಕಾಯಿಯೇ ಇಲ್ಲ. ಜೇನು ಬಂದರೆ ಕೆಡುತ್ತದೆ ಅನ್ನುವುದು ಹೇಗೆ?

ಕರಾವಳಿ_ಕೈತೋಟ:
ಅದು ಎರಡರ ಬದಲು ಮೂರು ಸೆಟ್ ಕ್ರೋಮೋಸೋಮ್ ಇರುವ ಗಿಡ. ಕಾಯಿ ಬೆಳೆಯಲು ಶುರುವಾಗಬೇಕಾದರೆ ಪರಾಗ ಬೇಕು, ಆದರೆ ಬೀಜ ಬಲಿಯುವುದಿಲ್ಲ. ಸೌತೆ ಹಾಗಲ್ಲ.

ವಿಜಯಪುರ_ದ್ರಾಕ್ಷಿ:
ನಮ್ಮ ಥಾಮ್ಸನ್ ಸೀಡ್‌ಲೆಸ್ ಇನ್ನೂ ಬೇರೆ ರೀ. ಬೀಜ ಕಟ್ಟಲು ಶುರುವಾಗಿ, ಎಳೆಯದಿರುವಾಗಲೇ ನಿಂತುಹೋಗುತ್ತದೆ. ಕಾಳು ಸಣ್ಣದೇ ಉಳಿಯುತ್ತದೆ ಅಂತಲೇ ಜಿ.ಎ. (ಜಿಬ್ಬರೆಲಿಕ್ ಆಮ್ಲ ಅನ್ನುವ ಹಾರ್ಮೋನು) ಕೊಡುವುದು. ಈ ಸಲದ ಗೊಂಚಲು ನೋಡಬೇಕು ನೀವು, ಫೋಟೋ ಹಾಕುತ್ತೇನೆ.

ಹಟ್ಟಿಗೊಬ್ಬರ:
ದ್ರಾಕ್ಷಿಗೆ ಬೇರೆ ಚರ್ಚೆ ತೆರೆಯಿರಿ ಸಾರ್. ಇಲ್ಲಿ ಪಾಪ ಅವರ ಮಾಲು ವಾಪಸ್ ಬರುತ್ತಿದೆ.

ದೊಡ್ಡಬಳ್ಳಾಪುರ_ಪಾಲಿ:
ಸೀಳಿ ನೋಡಿದೆ. ಉಬ್ಬಿದ ಕಡೆ ಗಟ್ಟಿ ಬೀಜಗಳಿವೆ, ಉಗುರಿಗೆ ಸಿಗುತ್ತವೆ. ಸಣ್ಣ ಕಡೆ ಬರೀ ಮೆತ್ತನೆ ಬಿಳಿ ಸಿಪ್ಪೆ, ಒತ್ತಿದರೆ ಕರಗಿಹೋಗುತ್ತದೆ. ನೆಟ್ ಇಳಿಸಿದ್ದೇನೆ. ಈಗಿರುವ ಕಾಯಿ ನೆಟ್ಟಗಾಗುತ್ತವಾ?

ಕರಾವಳಿ_ಕೈತೋಟ:
ಇಲ್ಲ. ಉಬ್ಬಿದ್ದನ್ನು ಎಳೆಯದಿರುವಾಗಲೇ ಕಿತ್ತುಬಿಡಿ. ಬೀಜ ಬಲಿಯುತ್ತಾ ಹೋದರೆ ಬಳ್ಳಿಯ ಶಕ್ತಿ ಅದಕ್ಕೇ ಹೋಗಿ ಮೇಲಿನ ಪಿಂದೆ ಉದುರುತ್ತವೆ. ಬಾಗಿಲ ಹತ್ತಿರ, ನೆಟ್ ಹೊಲಿಗೆಯ ಸಂದಿಯಲ್ಲೂ ಹುಡುಕಿ. ಮುಜಂಟಿ ಜೇನಿಗೆ ಸಣ್ಣ ತೂತೇ ಸಾಕು.

ದೊಡ್ಡಬಳ್ಳಾಪುರ_ಪಾಲಿ:
ಸರಿ ಅಕ್ಕ. ಆದರೆ ನೆಟ್ ಇಳಿಸಿದರೆ ಮಧ್ಯಾಹ್ನ ಒಳಗೆ ನಿಲ್ಲಕ್ಕಾಗಲ್ಲ. ಅಣ್ಣನ ಬೆಳೆ ಕೀಳಿಸುವ ಹಾಗೂ ಇಲ್ಲ. ಸೆಕೆಗೆ ಏನು ಮಾಡಲಿ?

ಡ್ರಿಪ್_ಗೌಡ್ರು:
ಮಂಜಿನ ಹಾಗೆ ನೀರು ಚಿಮ್ಮಿಸುವ ಫಾಗರ್ ಹಾಕಿಸಿ. ನಮ್ಮದು ಟೈಮರ್ ಮೇಲೆ ಓಡುತ್ತದೆ. ಪೊಟ್ಯಾಶ್ ಮಾತ್ರ ನಿಲ್ಲಿಸಬೇಡಿ.