ಐರನ್ ಮಾತ್ರೆಯಲ್ಲಿ ಹಿಮೋಗ್ಲೋಬಿನ್ ಏರ್ತಿದೆ, ಇಷ್ಟಕ್ಕೇ ಬಿಡಬಹುದಾ?

ಪ್ರಶ್ನೆ:
58 ವರ್ಷದ ಗಂಡಸು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 10.2, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 72, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 9. ಹೊಟ್ಟೆಯ ಅಲ್ಟ್ರಾಸೌಂಡ್ ನಾರ್ಮಲ್. ಮೂರು ತಿಂಗಳು ಮಾತ್ರೆ ನುಂಗಿದ ಮೇಲೆ ಹಿಮೋಗ್ಲೋಬಿನ್ 12.4. ಪ್ರತಿ ಸಲ ಬೇರೆ ಡಾಕ್ಟರು, ಐದೇ ನಿಮಿಷ, ‘ಸುಧಾರಿಸ್ತಿದೆ, ಮುಂದುವರಿಸಿ’ ಅಂತಾರೆ. ಸಾಕಾ?

ಉತ್ತರ 1:
ಸಾಲದು. ಫೆರಿಟಿನ್ 9 ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಈ ವಯಸ್ಸಿನ ಗಂಡಸಿಗೆ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ಜಠರ, ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ಸೋರುವ ರಕ್ತ. ದೊಡ್ಡ ಕರುಳಿನ ಬಲಭಾಗದ ಗಡ್ಡೆಯಂತೂ ಹೀಗೇ ಅಡಗಿರುತ್ತೆ: ಅಲ್ಲಿ ಮಲ ಇನ್ನೂ ನೀರಾಗಿರುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ, ಎಷ್ಟೋ ಸಲ ರಕ್ತಹೀನತೆಯೇ ಮೊದಲ ಸುಳಿವು. ಅಲ್ಟ್ರಾಸೌಂಡ್ ನಾರ್ಮಲ್ ಬಂದರೆ ಕರುಳಿನ ಒಳಪದರ ಸರಿಯಿದೆ ಎಂದಲ್ಲ.

ಇನ್ನೊಂದು ಲೆಕ್ಕ ನೋಡಿ. ಸಾಮಾನ್ಯವಾಗಿ ನಾಲ್ಕು ವಾರದಲ್ಲೇ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರಬೇಕು. ಇಲ್ಲಿ ಮೂರು ತಿಂಗಳಿಗೆ 2.2, ಅದೂ ಗಂಡಸರ ಕನಿಷ್ಠ 13 ಮುಟ್ಟಿಲ್ಲ. ನಡುನಡುವೆ ಮಾತ್ರೆ ನುಂಗುವುದು ತಪ್ಪಿರಬಹುದು, ಪ್ಯಾಂಟಪ್ರಜೋಲ್‌ನಂಥ ಆಸಿಡ್ ಮಾತ್ರೆಯಿಂದಲೋ ಸೀಲಿಯಾಕ್‌ನಿಂದಲೋ (ಗೋಧಿಯ ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಕಬ್ಬಿಣ ಹೀರಿಕೊಳ್ಳದೆ ಇರಬಹುದು, ಇಲ್ಲಾ ತುಂಬಿದ್ದು ಸೋರಿ ಹೋಗ್ತಿರಬಹುದು. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇಳಿಸಿ ಜಠರ ನೋಡುವುದು), ಕೊಲೊನೋಸ್ಕೋಪಿ (ಗುದದ ಮೂಲಕ ದೊಡ್ಡ ಕರುಳು ನೋಡುವುದು) ಎರಡೂ ಬೇಕು, ಜೊತೆಗೆ ಸೀಲಿಯಾಕ್ ಪತ್ತೆಗೆ ಟಿಟಿಜಿ ರಕ್ತಪರೀಕ್ಷೆ, ಮೂತ್ರಪರೀಕ್ಷೆ. ಎಂಡೋಸ್ಕೋಪಿಯಲ್ಲಿ ‘ಸ್ವಲ್ಪ ಗ್ಯಾಸ್ಟ್ರೈಟಿಸ್’ (ಜಠರದ ಉರಿಯೂತ) ಸಿಕ್ಕಿತು ಅಂತ ಕೊಲೊನೋಸ್ಕೋಪಿ ಕೈಬಿಡಬೇಡಿ, ತಡವಾಗುವುದೇ ಅಲ್ಲಿ.

ಉತ್ತರ 2:
ಕೊಲೊನೋಸ್ಕೋಪಿಗೆ ಒಂದು ವಾರ ಮುಂಚೆ ಐರನ್ ಮಾತ್ರೆ ನಿಲ್ಲಿಸಲು ಹೇಳ್ತಾರೆ. ಅದರಿಂದ ಮಲ ಕಪ್ಪಾಗಿ ಅಂಟಿಕೊಂಡು ಕರುಳು ಸರಿಯಾಗಿ ತೊಳೆಯಲ್ಲ. ಭೇದಿ ದ್ರಾವಣವನ್ನು ಅರ್ಧ ಹಿಂದಿನ ಸಂಜೆ, ಅರ್ಧ ಅವತ್ತು ಬೆಳಿಗ್ಗೆ ಕುಡಿದರೆ ಚೆನ್ನಾಗಿ ತೊಳೆಯುತ್ತೆ. ಕೊನೆಗೆ ಹೋಗುವುದು ತಿಳಿಹಳದಿ ನೀರಾಗಿರಬೇಕು. ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ತಾವಾಗಿ ನಿಲ್ಲಿಸಬೇಡಿ.

ಉತ್ತರ 3:
ಡಾಕ್ಟರು ಬದಲಾಗ್ತಾ ಹೋದರೆ ಹೊಸಬರು ಕೊನೆಯ ರಿಪೋರ್ಟ್ ಮಾತ್ರ ನೋಡಿ, ಹಿಂದಿನವರು ಬರೆದಿದ್ದನ್ನೇ ಮುಂದುವರಿಸ್ತಾರೆ. ಒಂದೇ ಹಾಳೆಯಲ್ಲಿ ತಾರೀಖು, ಹಿಮೋಗ್ಲೋಬಿನ್, ಎಂಸಿವಿ, ಫೆರಿಟಿನ್, ಮಾತ್ರೆಯ ಡೋಸ್ ಸಾಲಾಗಿ ಬರೆದು ಅವರ ಮುಂದಿಡಿ. ನೋವಿನ ಮಾತ್ರೆ, ಆಸ್ಪಿರಿನ್ ತಗೊಳ್ತಿದ್ದರೆ ಅದನ್ನೂ ಸೇರಿಸಿ. ಕೇಳಬೇಕಾದ್ದು ಒಂದೇ: ‘ಕಬ್ಬಿಣ ಎಲ್ಲಿ ಹೋಗ್ತಿದೆ?’ ತಪಾಸಣೆ ಬೇಡ ಎಂದರೆ ಕಾರಣವನ್ನು ಚೀಟಿಯಲ್ಲೇ ಬರೆದುಕೊಡಿ ಅನ್ನಿ. ಬಯಾಪ್ಸಿ (ಪರೀಕ್ಷೆಗೆ ಸಣ್ಣ ತುಣುಕು) ತೆಗೆದರೆ ಫಲಿತಾಂಶ ಯಾರು, ಯಾವತ್ತು ಹೇಳ್ತಾರೆ ಅಂತ ಅಲ್ಲೇ ಕೇಳಿ. ಫೋನ್ ಬರಲಿಲ್ಲ ಅಂದರೆ ನಾರ್ಮಲ್ ಅಂದುಕೊಳ್ಳಬೇಡಿ.

ಐರನ್‌ನಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ, ತಲೆಸುತ್ತಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.